ಆರು ಮೀಟರ್ ದೂರ, ಒಂದು ಟಾರ್ಚು

ಟೇಪಿನ ಒಂದು ತುದಿ ನನ್ನ ಕೈಯಲ್ಲಿದೆ. ಇನ್ನೊಂದು ತುದಿ ಹಿಡಿದುಕೊಂಡು ಇಡುಕ್ಕಿಯಿಂದ ಬಂದ ಎಳೆಯ ಡಾಕ್ಟರ್ ಗೋಡೆಯ ಕಡೆಗೆ ಹೆಜ್ಜೆ ಹಿಂದಿಡುತ್ತಿದ್ದಾರೆ. ನಾಲ್ಕು ಮೀಟರ್, ಐದು, ಐದೂವರೆ. ‘ಇನ್ನೂ ಸ್ವಲ್ಪ ಸಾರ್’ ಅನ್ನುತ್ತಾರೆ. ಆರು ಮೀಟರಿಗೆ ಸರಿಯಾಗಿ ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸುತ್ತೇವೆ. ಕುರ್ಚಿಯ ಹಿಂಗಾಲು ಆ ಪಟ್ಟಿಯ ಮೇಲೆ ಕೂರಬೇಕು. ‘ಅಂದಾಜಿನಲ್ಲಿ ಕೂರಿಸಿದರೆ ಆಮೇಲೆ ಬರೆಯುವ ಲೆಕ್ಕವೆಲ್ಲ ಸುಳ್ಳು. ಬಿ.ಪಿ. ಪಟ್ಟಿಯನ್ನು ಅಂಗಿಯ ಮೇಲೆ ಕಟ್ಟುತ್ತೀರಾ?’ ಎಂದು ಕೇಳುತ್ತಾರೆ ಪಾಠ ಮಾಡುವ ಮೇಡಂ.

ಇದು ಕೊಚ್ಚಿಯ ಕಲೂರ್. ನಿನ್ನೆ ಸಂಜೆ ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದವನು ಬೆಳಕು ಹರಿಯುವ ಮೊದಲೇ ಎರ್ನಾಕುಲಂ ಟೌನ್ ಸ್ಟೇಷನ್ನಿನಲ್ಲಿ ಇಳಿದೆ. ಟೌನ್ ಹಾಲ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಮುಂದಿನದೇ ಕಲೂರ್. ಮೆಟ್ಟಿಲಿಳಿಯುವಾಗ ಮಳೆ ಜೋರಾಗಿತ್ತು. ಮಂಗಳವಾರವಾಗಿದ್ದರೆ ಸಂತ ಅಂತೋಣಿಯವರ ಸನ್ನಿಧಿಗೆ ಬರುವ ಜನರಿಂದ ಈ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಂದು ಭಾನುವಾರ. ಬಸ್‌ಸ್ಟ್ಯಾಂಡಿನ ಗದ್ದಲ ದಾಟಿ, ಫುಟ್‌ಬಾಲಿನ ದೊಡ್ಡ ಸ್ಟೇಡಿಯಮ್ಮಿನ ಕಡೆಗೆ ನಡೆದು, ಒಂದು ಕಟ್ಟಡದ ಮೇಲಿನ ಹಾಲಿಗೆ ಬಂದು ಸೇರಿದ್ದೇನೆ. ನಾವು ಇಪ್ಪತ್ತು ಮಂದಿ, ಎಲ್ಲರೂ ಸಾಮಾನ್ಯ ವೈದ್ಯರು. ಜ್ವರ, ಕೆಮ್ಮು, ಸಕ್ಕರೆ, ಗಾಯ, ಹೆರಿಗೆಯ ನಂತರದ ಆರೈಕೆ ಎಲ್ಲ ನೋಡುತ್ತೇವೆ. ಕಣ್ಣು ಬಂದಾಗ ಮಾತ್ರ ಒಂದು ಬಾಟ್ಲಿ ಹನಿ ಬರೆದುಕೊಟ್ಟು ಕಳಿಸುತ್ತೇವೆ. ಅದನ್ನು ತಿದ್ದಿಕೊಳ್ಳಲೆಂದೇ ಬಂದವರು.

ನಾನು ಬಂದದ್ದಕ್ಕೆ ಇನ್ನೊಂದು ಕಾರಣವಿದೆ. ಎರಡು ಮಳೆಗಾಲದ ಹಿಂದೆ, ರಾತ್ರಿ ಹತ್ತರ ಹೊತ್ತಿಗೆ, ನೆರೆಮನೆಯ ಅಕ್ಕನನ್ನು ಜೀಪಿನಲ್ಲಿ ಕರೆತಂದಿದ್ದರು. ತಡೆಯಲಾರದ ತಲೆನೋವು, ನಾಲ್ಕು ಸಲ ವಾಂತಿ. ಎಡಗಣ್ಣು ಕೆಂಪಾಗಿತ್ತು, ವಾಂತಿ ಮಾಡಿದ ಒತ್ತಡಕ್ಕೆ ಕೆಂಪಾಗಿದೆ ಎಂದುಕೊಂಡೆ. ಬಿ.ಪಿ. ನೋಡಿದೆ, ಹೊಟ್ಟೆ ಒತ್ತಿ ನೋಡಿದೆ, ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟೆ. ‘ದೀಪದ ಸುತ್ತ ಬಣ್ಣದ ಬಳೆ ಕಾಣ್ತದೆ ಡಾಕ್ಟ್ರೇ’ ಎಂದು ಅಕ್ಕ ಹೇಳಿದ್ದು ನನಗೆ ಕೇಳಿಸಿತ್ತು, ತಲೆಗೆ ಹೋಗಲಿಲ್ಲ. ಮೂರನೆಯ ದಿನ ಮಂಗಳೂರಿಗೆ ಹೋದಾಗ ಅದು ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ಏಕಾಏಕಿ ಏರಿದ್ದು ಎಂದು ಗೊತ್ತಾಯಿತು. ಆ ಕಣ್ಣಿಗೆ ಈಗ ಕಿಟಕಿ ಯಾವ ಕಡೆಗಿದೆ ಎಂಬಷ್ಟೇ ತಿಳಿಯುತ್ತದೆ. ಆ ರಾತ್ರಿ ನನ್ನ ಮೇಜಿನ ಸೆಳೆಖಾನೆಯಲ್ಲಿ ಟಾರ್ಚು ಇತ್ತು.

ಮೇಡಂ ಮೊದಲು ಕಲಿಸುವುದು ಟಾರ್ಚನ್ನಲ್ಲ, ಗೋಡೆಯ ಚಾರ್ಟನ್ನು. ಹಾಲೆಂಡಿನ ಯುಟ್ರೆಕ್ಟ್‌ನಲ್ಲಿ ಹರ್ಮನ್ ಸ್ನೆಲ್ಲೆನ್ ಎಂಬ ವೈದ್ಯರು 1862ರಲ್ಲಿ ರೂಪಿಸಿದ ಅಕ್ಷರಪಟ ಅದು. ಎಲ್ಲಕ್ಕಿಂತ ಮೇಲಿನ ಅಕ್ಷರದ ಎತ್ತರ ಸುಮಾರು 87 ಮಿಲಿಮೀಟರ್. ಕೆಳಗೆ, 6/6 ಸಾಲಿನ ಅಕ್ಷರ 8.7 ಮಿಲಿಮೀಟರ್. ಒಳ್ಳೆಯ ಕಣ್ಣು ಮೇಲಿನ ಅಕ್ಷರವನ್ನು 60 ಮೀಟರ್ ದೂರದಿಂದ ಓದಬೇಕು, ಕೆಳಗಿನದನ್ನು 6 ಮೀಟರಿನಿಂದ. ಮೇಲಿನದು ಮಾತ್ರ ಕಂಡರೆ 6/60. ಬೇರೆಯವರು 60 ಮೀಟರಿನಿಂದ ನೋಡುವುದನ್ನು ಇವರು 6 ಮೀಟರಿಗೆ ಬಂದು ನೋಡುತ್ತಿದ್ದಾರೆ ಎಂದು ಅರ್ಥ. ಕ್ಲಿನಿಕ್ಕಿನಲ್ಲಿ ಅಷ್ಟು ಉದ್ದದ ಜಾಗವಿಲ್ಲದಿದ್ದರೆ ಮೂರು ಮೀಟರಿನಲ್ಲಿ ಕನ್ನಡಿ ಹಾಕಿ, ಚಾರ್ಟನ್ನು ರೋಗಿಯ ತಲೆಯ ಮೇಲ್ಭಾಗದಲ್ಲಿ ತೂಗಿಸಬಹುದು.

ನಾನೇ ಕುರ್ಚಿಯಲ್ಲಿ ಕೂರುತ್ತೇನೆ. ‘ಒರು ಕಣ್ಣು ಪೊತ್ತೂ’ ಅನ್ನುತ್ತಾರೆ ಇಡುಕ್ಕಿಯ ಡಾಕ್ಟರ್, ಒಂದು ಕಣ್ಣು ಮುಚ್ಚಿ ಎಂದು. ನಾನು ಬೆರಳು ಜೋಡಿಸಿ ಎಡಗಣ್ಣು ಮುಚ್ಚಿಕೊಳ್ಳುತ್ತೇನೆ. ಮೇಡಂ ಬಂದು ನನ್ನ ಕೈಯನ್ನು ಬಿಡಿಸುತ್ತಾರೆ. ಬೆರಳ ಸಂದಿನಿಂದ ಇಣುಕಿ ಓದುವವರು ಮಕ್ಕಳು ಮಾತ್ರವಲ್ಲ, ದೊಡ್ಡವರೂ ಹಾಗೆಯೇ ಮಾಡುತ್ತಾರೆ, ಗೊತ್ತಿಲ್ಲದೆಯೇ. ಅಂಗೈಯ ಗುಳಿಯಿಂದ ಮುಚ್ಚಬೇಕು, ಒತ್ತಬಾರದು. ಯಾವಾಗಲೂ ಬಲಗಣ್ಣು ಮೊದಲು. ಕನ್ನಡಕ ಇರುವವರಿಗೆ ಕನ್ನಡಕ ಹಾಕಿಸಿ. ಕಂಡದ್ದನ್ನು ಅಲ್ಲಿಯೇ ಚೀಟಿಯಲ್ಲಿ ಬರೆಯಬೇಕು.

ನಮ್ಮ ಕಡೆಯ ತೊಂದರೆಯನ್ನು ನಾನು ಹೇಳುತ್ತೇನೆ. ನನ್ನ ಬಾಗಿಲಿಗೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲವೂ ಬರುತ್ತವೆ. ಅಕ್ಷರವೇ ಕಲಿಯದ ಅಜ್ಜಿಯರೂ ಬರುತ್ತಾರೆ. ಮೇಡಂ ಇನ್ನೊಂದು ಚಾರ್ಟು ಬಿಡಿಸುತ್ತಾರೆ. ಅದರಲ್ಲಿ ಇಂಗ್ಲಿಷಿನ ‘ಇ’ ಒಂದೇ ಅಕ್ಷರ, ನಾಲ್ಕು ದಿಕ್ಕಿಗೆ ತಿರುಗಿ ನಿಂತಿದೆ. ಕಾಲುಗಳು ಯಾವ ಕಡೆಗಿವೆ ಎಂದು ಕೈಯಿಂದ ತೋರಿಸಿದರೆ ಸಾಕು. ಭಾಷೆ ಬೇಡ, ಅಕ್ಷರ ಬೇಡ. ನಮ್ಮ ಗಡಿಯೂರಿಗೆ ಹೇಳಿ ಮಾಡಿಸಿದ ಹಾಗಿದೆ.

ಮೇಲಿನ ಅಕ್ಷರವೇ ಕಾಣದಿದ್ದರೆ? ನಾವು ಸಾಮಾನ್ಯವಾಗಿ ‘ದೃಷ್ಟಿ ತುಂಬಾ ಕಮ್ಮಿ’ ಎಂದು ಬರೆದು ಮುಗಿಸುತ್ತೇವೆ. ಇಲ್ಲಿ ಹಾಗಿಲ್ಲ. ಚಾರ್ಟಿನ ಕಡೆಗೆ ಒಂದೊಂದೇ ಮೀಟರ್ ನಡೆಸಬೇಕು: 5/60, 4/60, 3/60. ಎರಡರಲ್ಲಿ ಹೆಚ್ಚು ಕಾಣುವ ಕಣ್ಣಿನಲ್ಲಿಯೂ 3/60ಕ್ಕಿಂತ ಕಡಿಮೆ ಇದ್ದರೆ ಅದನ್ನು ಕುರುಡು ಎಂದು ನಮ್ಮ ದೇಶ 2017ರಿಂದ ಲೆಕ್ಕ ಹಾಕುತ್ತದೆ. ಚಾರ್ಟಿನ ಹತ್ತಿರ ಹೋದರೂ ಕಾಣದಿದ್ದರೆ ಬೆರಳು ಎಣಿಸಬೇಕು, ಅದೂ ಆಗದಿದ್ದರೆ ಕೈಯಾಡಿಸಿ ಕೇಳಬೇಕು, ಕೊನೆಗೆ ಟಾರ್ಚು ಹಿಡಿದು ಬೆಳಕು ಯಾವ ದಿಕ್ಕಿನಿಂದ ಬಂತು ಎಂದು ಕೇಳಬೇಕು. ಪೊರೆ ಬಲಿತು ಏನೂ ಕಾಣದ ಅಜ್ಜ ಬೆಳಕು ಬಂದ ದಿಕ್ಕನ್ನು ನಾಲ್ಕೂ ಕಡೆಯಿಂದ ಸರಿಯಾಗಿ ಹೇಳಿದರೆ, ಪೊರೆಯ ಹಿಂದಿರುವ ಕಣ್ಣು ಇನ್ನೂ ಕೆಲಸ ಮಾಡುತ್ತಿದೆ ಎಂಬ ಭರವಸೆ ಇದೆ.

ಆಮೇಲೆ ಮೇಡಂ ಒಂದು ಕಪ್ಪು ರಟ್ಟಿನ ಚೂರು ಕೊಡುತ್ತಾರೆ. ನಡುವೆ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದಾದ ತೂತು. ಸೂಜಿ ಕಾಯಿಸಿ ಹಳೆಯ ಎಕ್ಸ್‌ರೇ ಹಾಳೆಯಲ್ಲಿಯೂ ಮಾಡಿಕೊಳ್ಳಬಹುದು. ನಾನು ಕನ್ನಡಕ ತೆಗೆಯುತ್ತೇನೆ. ಚಾರ್ಟು ಮಂಜಿನಲ್ಲಿ ಮುಳುಗುತ್ತದೆ. ತೂತನ್ನು ಕಣ್ಣಿಗೆ ಹಿಡಿಯುತ್ತೇನೆ. ಒಂದು ಸಾಲು ಮೇಲೇಳುತ್ತದೆ, ಇನ್ನೊಂದು ಸಾಲು, ಮತ್ತೊಂದು. ಓರೆಯಾಗಿ ಬರುವ ಬೆಳಕನ್ನೆಲ್ಲ ತಡೆದು ನೇರ ಬರುವ ಕಿರಣವನ್ನು ಮಾತ್ರ ಆ ತೂತು ಒಳಗೆ ಬಿಡುತ್ತದೆ. ತೂತಿನಲ್ಲಿ ದೃಷ್ಟಿ ಸುಧಾರಿಸಿದರೆ ಹೆಚ್ಚಾಗಿ ಕನ್ನಡಕದ ಮಾತು. ಸುಧಾರಿಸದಿದ್ದರೆ ಕಣ್ಣಿನೊಳಗೆ ಏನೋ ಇದೆ, ಕಳಿಸಬೇಕು. ಖರ್ಚೇ ಇಲ್ಲದ ಒಂದು ತೂತು ಇಷ್ಟು ದೊಡ್ಡ ತೀರ್ಮಾನಕ್ಕೆ ದಾರಿ ತೋರಿಸುತ್ತದೆ.

ಈಗ ಪರದೆ ಎಳೆಯುತ್ತಾರೆ. ಹಾಲಿನಲ್ಲಿ ಸಂಜೆಯಂಥ ಮಬ್ಬು. ಟಾರ್ಚುಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ.

ನಮ್ಮ ಕೆಂಗಣ್ಣಿಗೆ ಮಲಯಾಳದಲ್ಲಿ ಚೆಂಕಣ್ಣ್ ಅನ್ನುತ್ತಾರೆ. ಮಾತು ಒಂದೇ, ನಾವು ಮಾಡುವ ತಪ್ಪೂ ಒಂದೇ: ಕೆಂಪಾದದ್ದೆಲ್ಲ ಕೆಂಗಣ್ಣು ಎಂದುಕೊಳ್ಳುವುದು. ‘ಕೆಂಪು ಎಲ್ಲಿದೆ ನೋಡಿ’ ಅನ್ನುತ್ತಾರೆ ಮೇಡಂ. ಕೆಳಗಿನ ರೆಪ್ಪೆ ಜಗ್ಗಿದಾಗ ಅಲ್ಲಿ ಹೆಚ್ಚು ಕೆಂಪು, ಪಿಸುರು, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವುದು, ದೃಷ್ಟಿ ಸರಿಯಾಗಿರುವುದು. ಇದು ಸಾಮಾನ್ಯ ಕೆಂಗಣ್ಣು. ಕೆಂಪು ಕರಿಗುಡ್ಡೆಯ ಸುತ್ತ ಉಂಗುರದ ಹಾಗೆ ಕಟ್ಟಿದ್ದರೆ, ಒಳಗಡೆ ನೋವಿದ್ದರೆ, ಬೆಳಕು ಸಹಿಸಲು ಆಗದಿದ್ದರೆ, ಚಾರ್ಟಿನಲ್ಲಿ ಎರಡು ಸಾಲು ಕಡಿಮೆಯಾಗಿದ್ದರೆ, ಅದು ಬೇರೆಯೇ ಕಾಯಿಲೆ. ಹನಿ ಬರೆಯುವ ಕೈ ಅಲ್ಲಿಗೆ ನಿಲ್ಲಬೇಕು. ಅದಕ್ಕೇ ಚಾರ್ಟು ಮೊದಲು, ಟಾರ್ಚು ಆಮೇಲೆ.

ಟಾರ್ಚನ್ನು ಕಿವಿಯ ಕಡೆಯಿಂದ, ಮುಖಕ್ಕೆ ಅಡ್ಡಲಾಗಿ ಹಿಡಿಯುತ್ತೇನೆ. ಇಡುಕ್ಕಿಯ ಡಾಕ್ಟರರ ಕಂದು ಪಟಲ ಒಂದೇ ಸಮ ಬೆಳಗುತ್ತದೆ, ಮೂಗಿನ ಕಡೆಯವರೆಗೆ. ಮೂಗಿನ ಕಡೆಯ ಅರ್ಧ ನೆರಳಿನಲ್ಲಿ ಮುಳುಗಿದರೆ ಕಣ್ಣಿನ ಮುಂಕೋಣೆ ಇಕ್ಕಟ್ಟಾಗಿದೆ ಎಂದು ತಿಳಿಯಬೇಕು. ಅಂಥ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಅಕ್ಕನ ಕಣ್ಣಿಗೆ ಆದದ್ದೇ ಆಗಬಹುದು.

ಆಮೇಲೆ ಪಾಪೆಗಳು. ದೂರ ನೋಡಲು ಹೇಳಿ ಬಲಗಣ್ಣಿಗೆ ಟಾರ್ಚು, ಎಣಿಕೆ ಒಂದು, ಎರಡು, ಮೂರು. ತಟ್ಟನೆ ಎಡಕ್ಕೆ, ಒಂದು, ಎರಡು, ಮೂರು. ಮತ್ತೆ ಬಲಕ್ಕೆ. ಲೋಲಕದ ಹಾಗೆ. ಎರಡೂ ಪಾಪೆ ಕುಗ್ಗಿಕೊಂಡೇ ಇರಬೇಕು. ಬೆಳಕು ಬಿದ್ದ ಕಣ್ಣಿನ ಪಾಪೆ ಕುಗ್ಗುವ ಬದಲು ಹಿಗ್ಗಿದರೆ, ಆ ಕಣ್ಣಿನ ನರ ಅಥವಾ ರೆಟಿನಾಗೆ ದೊಡ್ಡ ಪೆಟ್ಟಾಗಿದೆ. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಇದನ್ನು ನೋಡಬೇಕು. ಹನಿ ಹಾಕಿದ ಮೇಲೆ ಪಾಪೆ ಸುದ್ದಿ ಹೇಳುವುದಿಲ್ಲ.

ಇಲ್ಲಿ ನಾನು ಅಕ್ಕನ ಕಥೆ ಹೇಳುತ್ತೇನೆ, ಎಲ್ಲರ ಮುಂದೆ. ಇಡೀ ಹಾಲ್ ಸುಮ್ಮನಾಗುತ್ತದೆ. ಮೇಡಂ ಬೈಯುವುದಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೆಳಗೆ ನೋಡಲು ಹೇಳಿ, ಮುಚ್ಚಿದ ರೆಪ್ಪೆಯ ಮೇಲೆ ತಮ್ಮ ಎರಡು ತೋರುಬೆರಳಿಟ್ಟು ಒಂದಾದ ಮೇಲೊಂದು ಮೆಲ್ಲಗೆ ಅಮುಕುತ್ತಾರೆ. ‘ಈಗ ನೀವು ನನ್ನ ಕಣ್ಣು ಮುಟ್ಟಿ’ ಅನ್ನುತ್ತಾರೆ. ಮುಟ್ಟುತ್ತೇನೆ. ಮೂಗಿನ ತುದಿಯ ಹಾಗೆ, ಒತ್ತಿದರೆ ತುಸು ತಗ್ಗುತ್ತದೆ. ‘ಆ ರಾತ್ರಿ ಅದು ಗೋಲಿಯ ಹಾಗೆ ಇರುತ್ತಿತ್ತು. ಇನ್ನೊಂದು ಕಣ್ಣು ಮುಟ್ಟಿದ್ದರೆ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತಿತ್ತು. ಕರಿಗುಡ್ಡೆ ಉಗಿ ಹಿಡಿದ ಗಾಜಿನ ಹಾಗೆ, ಪಾಪೆ ಅರ್ಧ ಹಿಗ್ಗಿ ಅಲುಗದೆ ನಿಂತದ್ದು, ದೀಪದ ಸುತ್ತ ಬಣ್ಣ. ಇಷ್ಟು ಕಂಡರೆ ಬೆಳಗಾಗಲು ಕಾಯಬಾರದು.’ ಪೆಟ್ಟು ಬಿದ್ದ ಕಣ್ಣನ್ನು ಮಾತ್ರ ಹೀಗೆ ಒತ್ತಿ ನೋಡಬಾರದು, ಒಡೆದಿರಬಹುದು ಎಂದೂ ಸೇರಿಸುತ್ತಾರೆ. ನನ್ನ ಬೆರಳ ತುದಿಯಲ್ಲಿ ಆ ಮೆದು ಉಳಿದುಬಿಡುತ್ತದೆ. ಇನ್ನು ಮುಂದೆ ಗಟ್ಟಿ ಬಂದರೆ ತಿಳಿಯುತ್ತದೆ.

ಚಹಾ ಬರುತ್ತದೆ, ಜೊತೆಗೆ ಪಳಂಪೊರಿ. ಬಾಳೆಹಣ್ಣಿನ ಆ ಬಿಸಿ ತಿಂಡಿ ಕೈಯಲ್ಲಿ ಹಿಡಿದು ನಿಂತವರೆಲ್ಲ ತಮ್ಮ ತಮ್ಮ ಊರಿನ ಕಣ್ಣುಗಳ ಮಾತು ತೆಗೆಯುತ್ತಾರೆ. ಒಬ್ಬರು ಏಲಕ್ಕಿ ತೋಟದ್ದು, ಒಬ್ಬರು ವೆಲ್ಡಿಂಗ್ ಶಾಪಿನದ್ದು. ನಾನು ಅಡಿಕೆ ತೋಟದ್ದು ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಅರಳಿಸುವಾಗ ಚಿಮ್ಮಿ ಕಣ್ಣಿಗೆ ಬೀಳುವುದುಂಟು. ಎಲೆಯಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಮಕ್ಕಳು ಕಣ್ಣಿಗೆ ಹಾರಿಸಿಕೊಳ್ಳುವುದೂ ಉಂಟು.

ಮೇಡಂ ಚಹಾದ ಲೋಟ ಕೆಳಗಿಡುತ್ತಾರೆ. ‘ಸುಣ್ಣ ಬಿದ್ದರೆ ಚಾರ್ಟು ಬೇಡ, ಟಾರ್ಚು ಬೇಡ, ಹೆಸರು ಊರು ಕೇಳುವುದೂ ಬೇಡ. ಮೊದಲು ನೀರು.’ ಮನೆಯಲ್ಲಿಯೇ, ತೋಟದಲ್ಲಿಯೇ, ಸಿಕ್ಕ ಶುದ್ಧ ನೀರಿನಲ್ಲಿ ತೊಳೆಯಲು ಶುರು ಮಾಡಬೇಕು. ಕ್ಲಿನಿಕ್ಕಿಗೆ ಬಂದ ಮೇಲೆ ಸಲೈನ್ ಬಾಟ್ಲಿಯ ಕೊಳವೆಯಿಂದ ಅರ್ಧ ಗಂಟೆಯಾದರೂ ಧಾರೆ ಬಿಡಬೇಕು. ರೆಪ್ಪೆ ಮಗುಚಿ, ಅಡಿಯಲ್ಲಿ ಸಿಕ್ಕಿಕೊಂಡ ಸುಣ್ಣದ ಹರಳುಗಳನ್ನು ಒದ್ದೆ ಹತ್ತಿಯ ಕಡ್ಡಿಯಿಂದ ತೆಗೆಯಬೇಕು. ಒಂದು ಹರಳು ಉಳಿದರೂ ಅದು ಒಳಗೊಳಗೇ ಸುಡುತ್ತಿರುತ್ತದೆ. ಆಸಿಡ್ಡಿಗಿಂತ ಸುಣ್ಣ ಕಣ್ಣಿಗೆ ಕೆಡುಕು, ಯಾಕೆಂದರೆ ಅದು ಮೇಲೆ ನಿಲ್ಲದೆ ಆಳಕ್ಕೆ ಇಳಿಯುತ್ತ ಹೋಗುತ್ತದೆ.

ರೆಪ್ಪೆ ಮಗುಚುವುದನ್ನು ಪುಸ್ತಕದಲ್ಲಿ ಓದಿದ್ದೇನೆ, ಕೈಯಾರೆ ಮಾಡಿದ್ದು ಕಡಿಮೆ. ಇಡುಕ್ಕಿಯ ಡಾಕ್ಟರ್ ಕೆಳಗೆ ನೋಡುತ್ತಾರೆ. ತುಳುವಿನಲ್ಲಾದರೆ ‘ತಿರ್ತ್ ತೂಲೆ’ ಅನ್ನುತ್ತಿದ್ದೆ. ಮೇಲ್ರೆಪ್ಪೆಯ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆಯುತ್ತೇನೆ. ಇನ್ನೊಂದು ಕೈಯಲ್ಲಿರುವ ಹತ್ತಿಯ ಕಡ್ಡಿಯನ್ನು ರೆಪ್ಪೆಯ ಮಡಿಕೆಯ ಮೇಲಿಟ್ಟು ಕೂದಲನ್ನು ಮೇಲೆತ್ತುತ್ತೇನೆ. ಮೊದಲ ಸಲ ಜಾರುತ್ತದೆ. ಎರಡನೆಯ ಸಲ ರೆಪ್ಪೆ ತಟಕ್ಕನೆ ಮಗುಚಿಕೊಳ್ಳುತ್ತದೆ, ಗುಲಾಬಿ ಬಣ್ಣದ ಒಳಮೈ ಹೊರಗೆ. ‘ಏನೂ ನೋವಿಲ್ಲ ಸಾರ್’ ಅನ್ನುತ್ತಾರೆ ಅವರು. ಬೈಕಿನಲ್ಲಿ ಬರುವಾಗ ಕಣ್ಣಿಗೆ ಏನೋ ಬಿತ್ತು ಎನ್ನುವವರ ಧೂಳಿನ ಕಣ ಬಹಳ ಸಲ ಇದೇ ಜಾಗದಲ್ಲಿ, ಅಂಚಿನ ಪಕ್ಕದ ಸಣ್ಣ ತೋಡಿನಲ್ಲಿ ಅಡಗಿರುತ್ತದೆ.

ಮುಂದಿನದು ಬಣ್ಣದ ಕಾಗದ. ಬೆಂಕಿಕಡ್ಡಿಗಿಂತ ಸ್ವಲ್ಪ ಅಗಲ, ತುದಿಯಲ್ಲಿ ಕಿತ್ತಳೆ ಬಣ್ಣದ ಫ್ಲೋರೆಸಿನ್. ಒಂದು ಹನಿ ಸಲೈನಿನಲ್ಲಿ ತೋಯಿಸಿ ಕೆಳರೆಪ್ಪೆಯ ಒಳಗೆ ಮುಟ್ಟಿಸಿ, ಕಣ್ಣು ಮಿಟುಕಿಸಲು ಹೇಳಿ, ನೀಲಿ ಬೆಳಕಿನಲ್ಲಿ ನೋಡಬೇಕು. ಗೀರಿದ ಜಾಗ, ಹುಣ್ಣಿನ ಜಾಗ ಗಿಳಿಹಸಿರಾಗಿ ಹೊಳೆಯುತ್ತದೆ. ಮೇಡಂ ಗೋಡೆಯ ಮೇಲೆ ಒಂದು ಚಿತ್ರ ತೋರಿಸುತ್ತಾರೆ: ಕರಿಗುಡ್ಡೆಯ ನಡುವೆ ಹಸಿರು ನಕ್ಷತ್ರದಂತೆ ಒಂದು ಗಾಯ. ಭತ್ತದ ಹೊಟ್ಟು, ತೆಂಗಿನ ಗರಿ, ಅಡಿಕೆಯ ಸೋಗೆ ತಾಗಿದ ಕಣ್ಣಿನಲ್ಲಿ ಬೂಸ್ಟಿನ ಹುಣ್ಣು ಏಳಬಹುದು. ಅಂಥ ಕಣ್ಣಿಗೆ ಸ್ಟಿರಾಯ್ಡ್ ಹನಿ ಹಾಕಿದರೆ ಎರಡು ದಿನ ಕೆಂಪು ಇಳಿದು ಹಿತವೆನಿಸುತ್ತದೆ, ಅಡಿಯಲ್ಲಿ ಬೂಸ್ಟು ಹಬ್ಬುತ್ತದೆ. ಹುಣ್ಣಿಲ್ಲ ಎಂದು ಖಾತ್ರಿಯಾಗದೆ ಸ್ಟಿರಾಯ್ಡ್ ಬೇಡ. ನೋವು ಮರೆಸುವ ಹನಿಯನ್ನು ಪರೀಕ್ಷೆಗೆ ಬಳಸಿ ಬೀರುವಿನಲ್ಲಿಡಿ, ಮನೆಗೆ ಕೊಟ್ಟು ಕಳಿಸಬೇಡಿ. ಈ ಎರಡು ಮಾತನ್ನು ಮೇಡಂ ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತಾರೆ.

ಕೊನೆಯದು ಆಫ್ತಾಲ್ಮೋಸ್ಕೋಪ್. ನಮ್ಮಲ್ಲಿ ಹೆಚ್ಚಿನವರು ಓದುವ ಕಾಲದಲ್ಲಿ ಕೊಂಡು, ಆಮೇಲೆ ಪೆಟ್ಟಿಗೆಯಲ್ಲಿಟ್ಟು ಮರೆತ ಉಪಕರಣ. ಕಣ್ಣಿನೊಳಗೆ ಬೆಳಕು ಬಿಟ್ಟರೆ ಅದು ಬಂದ ದಾರಿಯಲ್ಲೇ ಹಿಂದೆ ಬರುತ್ತದೆ. ಆ ದಾರಿಗೆ ನಮ್ಮ ಕಣ್ಣಿಡಲು ಹೋದರೆ ನಮ್ಮ ತಲೆಯೇ ಬೆಳಕಿಗೆ ಅಡ್ಡ. ಬೆಳಕಿನ ದಾರಿ, ನೋಟದ ದಾರಿ ಎರಡನ್ನೂ ಗಾಜಿನ ಚೂರುಗಳಿಂದ ಒಂದೇ ಗೆರೆಗೆ ತಂದು, ಬದುಕಿರುವ ಮನುಷ್ಯನ ರೆಟಿನಾವನ್ನು ನೋಡುವ ಬಗೆಯನ್ನು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದರು.

ಬಲಗೈ, ನನ್ನ ಬಲಗಣ್ಣು, ಎದುರಿನವರ ಬಲಗಣ್ಣು. ಮೂರೂ ಬಲ. ಮೊದಲು ಒಂದು ತೋಳಿನಷ್ಟು ದೂರದಿಂದ ನೋಡುತ್ತೇನೆ. ಪಾಪೆ ಕೆಂಡದ ಹಾಗೆ ಕೆಂಪಾಗಿ ಹೊಳೆಯುತ್ತದೆ. ಅಲ್ಲಿ ಕಪ್ಪು ಕಂಡರೆ ಪೊರೆ ಇರಬಹುದು. ಎಳೆಮಗುವಿನ ಪಾಪೆ ಬೆಳ್ಳಗೆ ಕಂಡರೆ ಅದು ಕಣ್ಣಿನ ಕ್ಯಾನ್ಸರ್ ಆಗಿರಲೂಬಹುದು, ಒಂದು ದಿನವೂ ತಡಮಾಡಬಾರದು. ನಂತರ ಎದುರಿನವರ ಹಣೆಯ ಮೇಲೆ ಎಡಗೈ ಇಟ್ಟು, ಕಿವಿಯ ಕಡೆಯಿಂದ 15 ಡಿಗ್ರಿ ಓರೆಯಾಗಿ ಹತ್ತಿರ, ಇನ್ನೂ ಹತ್ತಿರ ಹೋಗುತ್ತೇನೆ. ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತದೆ. ಕೆಂಪು ಮಂಜು. ಚಕ್ರ ತಿರುಗಿಸುತ್ತೇನೆ. ಏನೂ ಇಲ್ಲ. ‘ಒಂದು ರಕ್ತನಾಳ ಹಿಡಿಯಿರಿ, ಅದು ದಪ್ಪವಾಗುವ ಕಡೆಗೆ ಹೋಗಿ’ ಎನ್ನುತ್ತದೆ ಹಿಂದಿನಿಂದ ಮೇಡಂ ದನಿ. ಒಂದು ಸಣ್ಣ ಕೆಂಪು ಎಳೆ ಸಿಗುತ್ತದೆ. ಹೊಳೆಯ ದಂಡೆಯಲ್ಲಿ ನಡೆದ ಹಾಗೆ ಅದರ ಜೊತೆ ಹೋಗುತ್ತೇನೆ. ಇನ್ನೊಂದು ಎಳೆ ಬಂದು ಕೂಡುತ್ತದೆ. ತಟ್ಟನೆ ಎದುರಿಗೆ ಹುಣ್ಣಿಮೆಯ ಚಂದ್ರನಂತೆ, ನಸುಗೆಂಪು ಹಳದಿಯ ಒಂದು ತಟ್ಟೆ, ಅಂಚು ಸ್ಪಷ್ಟ.

ನಿಜದಲ್ಲಿ ಅದರ ಅಡ್ಡಳತೆ ಸುಮಾರು ಒಂದೂವರೆ ಮಿಲಿಮೀಟರ್. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಅಲ್ಲಿ ಶುರುವಾಗುತ್ತದೆ. ಕತ್ತರಿಸದೆ, ಚುಚ್ಚದೆ ಮನುಷ್ಯನ ನರವನ್ನೂ ರಕ್ತನಾಳವನ್ನೂ ನೇರ ನೋಡಲು ದೇಹದಲ್ಲಿರುವ ಕಿಟಕಿ ಇದು. ತಟ್ಟೆಯ ಅಂಚು ಊದಿ ಮಸುಕಾದರೆ ತಲೆಯೊಳಗಿನ ಒತ್ತಡದ ಸೂಚನೆ. ನಡುವಿನ ಬಿಳಿ ಗುಳಿ ಅಗಲವಾಗಿದ್ದರೆ ಸದ್ದಿಲ್ಲದೆ ಬರುವ ಗ್ಲಾಕೋಮಾದ ಅನುಮಾನ. ಸುತ್ತ ಕೆಂಪು ಚುಕ್ಕೆಗಳಿದ್ದರೆ ಸಕ್ಕರೆ ಕಾಯಿಲೆ ರೆಟಿನಾಗೆ ಇಳಿದಿದೆ. ನಾನು ಉಸಿರು ಬಿಟ್ಟು ತಲೆ ಹಿಂದೆಗೆಯುತ್ತೇನೆ. ‘ಕಂಡಿತಾ?’ ‘ಕಂಡಿತು ಮೇಡಂ.’ ಇಪ್ಪತ್ತು ವರ್ಷದ ಪ್ರಾಕ್ಟೀಸಿನಲ್ಲಿ ಇಷ್ಟು ಸ್ಪಷ್ಟವಾಗಿ ಕಂಡದ್ದು ಇದೇ ಮೊದಲು.

ಮಧ್ಯಾಹ್ನ ಮುಗಿಯುವ ಮೊದಲು ಕ್ಯಾಮೆರಾಗಳ ಮಾತು ಬರುತ್ತದೆ. ಕೇರಳದ ‘ನಯನಾಮೃತಂ’ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳಲ್ಲೇ ಸಕ್ಕರೆ ಕಾಯಿಲೆಯವರ ರೆಟಿನಾದ ಫೋಟೋ ತೆಗೆಯುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಿಂದ ಅವಧಿಗೆ ಮೊದಲು ಹುಟ್ಟಿದ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದಿಂದಲೇ ಪರೀಕ್ಷಿಸುವ ಕೆಲಸ ನಡೆಸಿದೆ. ಕನ್ನಡಿಗರಿಗೆ ಕಣ್ಣಿನ ಆರೈಕೆ ಎಂದರೆ ಹಿಂದೆ ಶಿಬಿರ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಪೊರೆ ತೆಗೆದು ಸಾವಿರಾರು ಬಡವರಿಗೆ ಬೆಳಕು ಕೊಟ್ಟರು. ಅದು ಮರೆಯಲಾಗದ ಸೇವೆ. ಆದರೆ ಶಿಬಿರ ಬರುವವರೆಗೆ ಪೊರೆ ಕಾಯುತ್ತದೆ; ಸುಣ್ಣ ಕಾಯುವುದಿಲ್ಲ, ಹುಣ್ಣು ಕಾಯುವುದಿಲ್ಲ, ಅಕ್ಕನ ಕಣ್ಣು ಕಾಯಲಿಲ್ಲ. ಕ್ಯಾಮೆರಾದ ಮುಂದೆ ಕೂರಿಸಲೂ ಯಾರಾದರೂ ಮೊದಲು ಕಳಿಸಬೇಕು. ಆ ಮೊದಲ ಬಾಗಿಲು ಊರಿನ ಸಾಮಾನ್ಯ ಡಾಕ್ಟರದು.

ಸಂಜೆ ಕಲೂರಿನ ಮೆಟ್ರೋ ಮೆಟ್ಟಿಲು ಹತ್ತುವಾಗ ಮಳೆ ನಿಂತಿದೆ. ನನ್ನ ಚೀಲದಲ್ಲಿ ಸುರುಳಿ ಸುತ್ತಿದ ‘ಇ’ ಚಾರ್ಟು, ತೂತಿನ ರಟ್ಟು, ಬಣ್ಣದ ಕಾಗದದ ಪೊಟ್ಟಣ, ನೀಲಿ ಗಾಜಿನ ಟಾರ್ಚು. ನಾಳೆ ಬೆಳಿಗ್ಗೆ ಮೊದಲ ಕೆಲಸ ಕ್ಲಿನಿಕ್ಕಿನ ನೆಲದಲ್ಲಿ ಆರು ಮೀಟರ್ ಅಳೆಯುವುದು. ಜಾಗ ಸಾಲದಿದ್ದರೆ ವರಾಂಡದಲ್ಲಿ ಅಳೆಯುತ್ತೇನೆ.

ನೀವು ಓದುಗರು ಕೂಡ ಒಂದು ಕೆಲಸ ಮಾಡಿ. ಈಗಲೇ ಅಂಗೈಯಿಂದ ಒಂದು ಕಣ್ಣು ಮುಚ್ಚಿ ಎದುರು ಗೋಡೆಯ ಕ್ಯಾಲೆಂಡರ್ ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಎರಡೂ ತೆರೆದಿರುವಾಗ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ, ವರ್ಷಗಟ್ಟಲೆ. ವ್ಯತ್ಯಾಸ ಕಂಡರೆ ತಡಮಾಡಬೇಡಿ. ಕಣ್ಣಿನ ತೊಂದರೆಗೆ ಡಾಕ್ಟರ ಬಳಿ ಹೋದಾಗ, ಹನಿ ಬರೆಯುವ ಮೊದಲು ಎರಡೂ ಕಣ್ಣಿನ ದೃಷ್ಟಿ ಬೇರೆ ಬೇರೆ ಅಳೆದು ಚೀಟಿಯಲ್ಲಿ ಬರೆಯಿರಿ ಎಂದು ಕೇಳಿ. ಹಾಗೆ ಕೇಳುವುದಕ್ಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಅಳೆಯುವುದು ನಮ್ಮ ಕರ್ತವ್ಯ.